ಬಡ್ಡಿ ಏರಿತು, ಕಂತು ಏರಲಿಲ್ಲ

ಹಣದುಬ್ಬರ ಹೆಚ್ಚಿ ಕೇಂದ್ರ ಬ್ಯಾಂಕ್ ಬಡ್ಡಿ ದರ ಏರಿಸಿದಾಗಲೆಲ್ಲ ನನ್ನ ಬಳಿ ಸಲಹೆಗೆ ಬರುವವರು ಕೇಳುವುದು ಒಂದೇ: ‘ಬೆಲೆ ಏರಿ ಮೊದಲೇ ಸೋತಿದ್ದೇವೆ, ಈಗ ಸಾಲವೂ ಏಕೆ ದುಬಾರಿಯಾಗಬೇಕು?’ ಆ ಸಿಟ್ಟು ನ್ಯಾಯವಾದದ್ದೇ. ಆದರೆ ಏರಿಕೆಯ ಉದ್ದೇಶವೇ ಅದು. ಹೊಸ ಸಾಲ ಮಾಡುವವರು ಹಿಂಜರಿಯಬೇಕು, ಹಳೆಯ ಸಾಲಗಾರರ ಕೈಯಲ್ಲಿ ಖರ್ಚಿಗೆ ಉಳಿಯುವ ಹಣ ಕಡಿಮೆಯಾಗಬೇಕು; ಕೊಳ್ಳುವಿಕೆ ತಗ್ಗಿದರೆ ಬೆಲೆಯ ಓಟವೂ ತಗ್ಗುತ್ತದೆ ಎಂಬ ಲೆಕ್ಕ.

ನಿಜಕ್ಕೂ ಕಡಿಮೆಯಾಗುತ್ತದೆಯೇ? ಇಪ್ಪತ್ತು ವರ್ಷದ, ಬದಲಾಗುವ ಬಡ್ಡಿಯ ಒಂದು ಲಕ್ಷ ಸಾಲವನ್ನೇ ತೆಗೆದುಕೊಳ್ಳಿ. ಶೇ 7ರ ಬಡ್ಡಿಗೆ ತಿಂಗಳ ಕಂತು ಸುಮಾರು 775. ಬಡ್ಡಿ ಶೇ 9 ಆದರೆ ಕಂತು 900ಕ್ಕೆ ಏರಬೇಕು. ಆದರೆ ಸಾಲ ಕೊಟ್ಟವರು ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿದರೆ, ಅದೇ 775ರಲ್ಲಿ ಸಾಲ ತೀರಲು ಸುಮಾರು 38 ವರ್ಷ ಬೇಕು! ಸಾಲಗಾರನ ಕೊರಳಿಗೆ ಇನ್ನೂ ಹದಿನೆಂಟು ವರ್ಷ ಬಿತ್ತು. ಅವನ ಈ ತಿಂಗಳ ಖರ್ಚು ಮಾತ್ರ ಕಿಂಚಿತ್ತೂ ತಗ್ಗಲಿಲ್ಲ. ಸ್ಥಿರ ಬಡ್ಡಿಯ ಸಾಲಗಾರರಿಗಂತೂ ಏರಿಕೆಯ ಬಿಸಿಯೇ ತಟ್ಟುವುದಿಲ್ಲ. ಹೀಗೆ ಮದ್ದು ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ, ಉಳಿದದ್ದು ಮೈಗೆ ಹತ್ತಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಬಡ್ಡಿಯೊಂದನ್ನೇ ನೆಚ್ಚಿಕೊಂಡರೆ ಎಷ್ಟು ಕಠಿಣವಾಗಬೇಕು ಎಂಬುದಕ್ಕೆ ಅಮೆರಿಕ ಸಾಕ್ಷಿ. 1980ರಲ್ಲಿ ಶೇ 14 ದಾಟಿದ್ದ ಹಣದುಬ್ಬರವನ್ನು ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಮೂರೇ ವರ್ಷಗಳಲ್ಲಿ ಶೇ 4ರ ಕೆಳಗೆ ತಂದರು. ಅದಕ್ಕಾಗಿ ಬಡ್ಡಿ ಶೇ 20ರ ಹತ್ತಿರ ಹೋಗಬೇಕಾಯಿತು, 1982ರ ಕೊನೆಗೆ ನಿರುದ್ಯೋಗ ಶೇ 10.8 ಮುಟ್ಟಿತು.

ಸರ್ಕಾರದ ಕೈಯಲ್ಲಿರುವ ವಿತ್ತೀಯ ನೀತಿಗೆ, ಅಂದರೆ ತೆರಿಗೆ ಮತ್ತು ಸರ್ಕಾರಿ ಖರ್ಚಿನ ನೀತಿಗೆ, ಬಡ್ಡಿಗಿಲ್ಲದ ಒಂದು ಅನುಕೂಲವಿದೆ: ಹೊರೆ ಯಾರ ಮೇಲೆ ಬೀಳಬೇಕೆಂದು ಅದು ಆಯ್ದುಕೊಳ್ಳಬಲ್ಲದು. ಉಳ್ಳವರ ತೆರಿಗೆ ಏರಿಸಿ, ಇಲ್ಲದವರಿಗೆ ನೇರವಾಗಿ ನೆರವು ಕೊಡಬಹುದು. ನಡೆಯುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ (ಚುನಾವಣೆ ಹತ್ತಿರವಿದ್ದರಂತೂ ಕೇಳಲೇಬೇಡಿ). ಎಲ್ಲರಿಗೂ ಇಂಧನ ತೆರಿಗೆ ಇಳಿಸುತ್ತಾರೆ. ಬೆಲೆ ಸೂಚ್ಯಂಕ ಒಂದು ಸಲ ತಗ್ಗುತ್ತದೆ, ಜನರ ಕೈಯಲ್ಲಿ ಉಳಿದ ಹಣ ಬೇರೆ ಸರಕುಗಳ ಬೆನ್ನು ಹತ್ತುತ್ತದೆ. ದೊಡ್ಡ ಕಾರಿನವನಿಗೇ ಅದರಲ್ಲಿ ದೊಡ್ಡ ಪಾಲು.

ಬಡ್ಡಿ ನೀತಿ, ವಿತ್ತೀಯ ನೀತಿ ಎರಡೂ ಎದುರುಬದುರಾದರೆ ಏನಾಗುತ್ತದೆಂದು ಬ್ರಿಟನ್ 2022ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದಲ್ಲಿ ನೋಡಿತು. ಹಣದುಬ್ಬರ ಶೇ 10ರ ಆಸುಪಾಸಿನಲ್ಲಿತ್ತು. 22ರಂದು ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು ಶೇ 2.25ಕ್ಕೆ ಏರಿಸಿ, ತನ್ನಲ್ಲಿದ್ದ ಸರ್ಕಾರಿ ಬಾಂಡ್‌ಗಳನ್ನು (ಸರ್ಕಾರದ ಸಾಲಪತ್ರಗಳನ್ನು) ಮಾರುವ ನಿರ್ಧಾರ ಪ್ರಕಟಿಸಿತು. ಮರುದಿನವೇ ಸರ್ಕಾರ ಸುಮಾರು 4,500 ಕೋಟಿ ಪೌಂಡ್ ತೆರಿಗೆ ಕಡಿತ ಘೋಷಿಸಿತು, ಸಾಲದ ಬಲದ ಮೇಲೆ. ಬಾಂಡ್ ಬೆಲೆ ಕುಸಿಯಿತು, ಅವುಗಳಲ್ಲಿ ಹಣ ತೊಡಗಿಸಿದ್ದ ಪಿಂಚಣಿ ನಿಧಿಗಳು ಕಂಗಾಲಾದವು. 28ರಂದು, ಬಾಂಡ್ ಮಾರಲು ಹೊರಟಿದ್ದ ಅದೇ ಬ್ಯಾಂಕ್ ಬಾಂಡ್ ಕೊಳ್ಳಲು ಮಾರುಕಟ್ಟೆಗೆ ಇಳಿಯಿತು.