ಸಚಿವರ ಉತ್ತರವನ್ನು ಓದುವುದು ಹೇಗೆ?

ವಿಧಾನಸಭೆಯಲ್ಲಿ ಶಾಸಕರ ಪ್ರಶ್ನೆಗೆ ಸರ್ಕಾರ ಕೊಡುವ ಉತ್ತರದ ಕಾಗದ ನೋಡಿದ್ದೀರಾ? ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ, ಆ, ಇ ಅಂತ ಭಾಗಗಳು. ಒಂದು ಮಾದರಿ ಹೀಗಿರುತ್ತದೆ:

ಅ) ಇಂಥ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದೆ ರೋಗಿಗಳು ಪರದಾಡುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
ಉತ್ತರ: ಬಂದಿರುವುದಿಲ್ಲ.

ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?
ಉತ್ತರ: ಉದ್ಭವಿಸುವುದಿಲ್ಲ.

ಇ) ಯಾವ ಕಾಲಮಿತಿಯಲ್ಲಿ ವೈದ್ಯರನ್ನು ನೇಮಿಸಲಾಗುವುದು?
ಉತ್ತರ: ಉದ್ಭವಿಸುವುದಿಲ್ಲ.

ಮೊದಲನೆಯದಕ್ಕೆ ‘ಇಲ್ಲ’ ಎಂದುಬಿಟ್ಟರೆ ಉಳಿದವು ತಾವಾಗಿಯೇ ಬಿದ್ದುಹೋಗುತ್ತವೆ. ಇಂಥ ಉತ್ತರಗಳ ಕರಡು ಬರೆಯುವುದೇ ನನ್ನ ಕೆಲಸವಾಗಿತ್ತು. ಸಚಿವಾಲಯಕ್ಕೆ ಸಹಾಯಕನಾಗಿ ಸೇರಿ, ಶಾಖಾಧಿಕಾರಿಯಾಗಿ, ಅಧೀನ ಕಾರ್ಯದರ್ಶಿಯಾಗಿ ನಿವೃತ್ತನಾದೆ. ಅಧಿವೇಶನ ಬಂತೆಂದರೆ ನಮಗೆ ಎಲ್‌ಎಕ್ಯೂ, ಎಲ್‌ಸಿಕ್ಯೂ ಬಿಟ್ಟು ಬೇರೆ ಪ್ರಪಂಚ ಇರುತ್ತಿರಲಿಲ್ಲ. ಮೊದಲನೆಯದು ವಿಧಾನಸಭೆಯ ಪ್ರಶ್ನೆ, ಎರಡನೆಯದು ಪರಿಷತ್ತಿನದು.

ಮೇಲಿನ ಉತ್ತರ ಸುಳ್ಳೇ? ಅಲ್ಲ. ಆ ಆರೋಗ್ಯ ಕೇಂದ್ರಕ್ಕೆ ವೈದ್ಯರ ನೇಮಕ ಆಗಿರುತ್ತದೆ. ಆದರೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ನಿಯೋಜನೆ ಮೇಲೆ ಕಳಿಸಿರುತ್ತಾರೆ. ಸಂಬಳ ಇಲ್ಲಿ, ಕೆಲಸ ಅಲ್ಲಿ. ದಾಖಲೆ ಪ್ರಕಾರ ಹುದ್ದೆ ಭರ್ತಿ. ಇನ್ನು ‘ಪರದಾಟ’ದ ಬಗ್ಗೆ ಯಾರೂ ಲಿಖಿತ ದೂರು ಕೊಟ್ಟಿರುವುದಿಲ್ಲ. ಕಾಗದ ಬಂದು ಕಡತಕ್ಕೆ ಸೇರಿದರೆ ಮಾತ್ರ ಸರ್ಕಾರದ ‘ಗಮನಕ್ಕೆ’ ಬಂದ ಹಾಗೆ. ಸಚಿವರು ಅದೇ ಊರಿನವರಾಗಿದ್ದರೂ ಅಷ್ಟೇ!

ರಾಜಕಾರಣಿಗಳು ಬರೀ ಸುಳ್ಳು ಹೇಳುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಚಾರದ ವೇದಿಕೆ ಮೇಲೆ ಏನು ಬೇಕಾದರೂ ಹೇಳಲಿ, ಸದನದಲ್ಲಿ ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ಆಗುತ್ತದೆ. ಸಚಿವರಿಗೂ ಮುಜುಗರ, ಕರಡು ಬರೆದವನಿಗೂ ನೋಟಿಸು. ಹಾಗಾಗಿ ಸುಳ್ಳು ಎಂದು ಸಾಬೀತು ಮಾಡಲು ಆಗದಂಥ ವಾಕ್ಯ ಕಟ್ಟುವುದೇ ನಮ್ಮ ಕಸುಬು. ಇದರಿಂದ ಓದುಗರಿಗೆ ಒಂದು ಲಾಭವಿದೆ. ಅಲ್ಲಿರುವ ಪ್ರತಿ ಪದವೂ ಅಕ್ಷರಶಃ ನಿಜ. ಸೈಟಿನ ಕ್ರಯಪತ್ರ ಓದುವ ಹಾಗೆ ಓದಿದರೆ ಕಡತ ಎಲ್ಲಿ ಕೂತಿದೆ ಎಂದು ಉತ್ತರವೇ ಹೇಳಿಬಿಡುತ್ತದೆ.

‘ಅಂತಹ ಯಾವುದೇ ಪ್ರಸ್ತಾವನೆ ಸರ್ಕಾರದ ಮುಂದೆ ಇಲ್ಲ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಪತ್ರಿಕೆಯಲ್ಲಿ ಓದಿದವರು ಯೋಜನೆಯೇ ಬಿದ್ದುಹೋಯಿತು ಅಂದುಕೊಳ್ಳುತ್ತಾರೆ. ಆದರೆ ಕಚೇರಿಯ ಭಾಷೆಯಲ್ಲಿ ‘ಸರ್ಕಾರ’ ಅಂದರೆ ಸಚಿವಾಲಯ. ಆಯುಕ್ತರ ಕಚೇರಿ, ನಿರ್ದೇಶನಾಲಯ, ಜಿಲ್ಲಾಧಿಕಾರಿ ಕಚೇರಿ ಯಾವುದೂ ಆ ಲೆಕ್ಕದಲ್ಲಿ ‘ಸರ್ಕಾರ’ ಅಲ್ಲ. ನಿರ್ದೇಶನಾಲಯದಲ್ಲಿ ಕಡತ ಸಿದ್ಧವಾಗಿ, ನಾಳೆ ಬೆಳಿಗ್ಗೆ ಕಳಿಸಲು ಮೇಜಿನ ಮೇಲೆ ಇದ್ದರೂ ಇವತ್ತಿನ ಮಟ್ಟಿಗೆ ‘ಸರ್ಕಾರದ ಮುಂದೆ ಇಲ್ಲ’ ಎನ್ನುವುದು ನಿಜವೇ. ಆಡಳಿತ ಪಕ್ಷಕ್ಕೆ ಕಷ್ಟ ತರುವ ವಿಷಯವಾದರೆ ಕಡತವನ್ನು ಅಧಿವೇಶನ ಮುಗಿಯುವವರೆಗೆ ಕೆಳಗೇ ಇಟ್ಟುಕೊಳ್ಳಿ ಅನ್ನುವುದೂ ಉಂಟು.

‘ಮಾಹಿತಿ ಕ್ರೋಢೀಕರಿಸಲಾಗುತ್ತಿದೆ’ ಅಂದರೆ ಜಿಲ್ಲೆಗಳಿಗೆ ಪತ್ರ ಹೋಗಿದೆ. ಪ್ರಶ್ನೆ ಬಂದ ಮೇಲೇ ಹೋಗಿರಬಹುದು. ‘ಪರಿಶೀಲನೆಯಲ್ಲಿದೆ’ ಅಂದರೆ ಕಡತ ಇಲಾಖೆಯೊಳಗೇ ಇದೆ, ಯಾರೂ ಸಹಿ ಹಾಕಿಲ್ಲ. ‘ಆರ್ಥಿಕ ಇಲಾಖೆಯ ಸಹಮತಿ ಕೋರಲಾಗಿದೆ’ ಎಂದು ಬಂದರೆ ಸ್ವಲ್ಪ ಖುಷಿಪಡಬಹುದು. ನಮ್ಮ ಇಲಾಖೆ ಒಪ್ಪಿದೆ, ಇನ್ನು ದುಡ್ಡಿನ ಮಾತು. ಹೆಚ್ಚಿನ ಕಡತಗಳು ನಿಲ್ಲುವುದೂ ಇಲ್ಲೇ. ಅಲ್ಲಿಂದ ‘ಮುಂದಿನ ಆಯವ್ಯಯದಲ್ಲಿ ಪರಿಗಣಿಸಬಹುದು’ ಎಂದು ವಾಪಸ್ ಬಂದರೆ, ಒಂದು ವರ್ಷ ಹೋಯಿತು ಅಂತ ಲೆಕ್ಕ.

‘ತಾತ್ವಿಕ ಒಪ್ಪಿಗೆ’ಯಷ್ಟು ಜನರನ್ನು ದಾರಿ ತಪ್ಪಿಸುವ ಮಾತು ಇನ್ನೊಂದಿಲ್ಲ. ಬೇಡ ಎಂದಿಲ್ಲ ಅನ್ನುವುದಷ್ಟೇ ಅದರ ಅರ್ಥ. ದುಡ್ಡು, ಜಾಗ, ದಿನಾಂಕ ಯಾವುದೂ ಅದರಲ್ಲಿಲ್ಲ. ಮೇಕೆದಾಟು ನೆನಪಿಸಿಕೊಳ್ಳಿ. 2018ರ ನವೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಕೊಟ್ಟದ್ದು ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್ ತಯಾರಿಸಲು ಅನುಮತಿ. ಇಲ್ಲಿ ಕೇಳಿಸಿದ್ದು ಮೇಕೆದಾಟುಗೇ ಒಪ್ಪಿಗೆ ಸಿಕ್ಕಿತು ಅಂತ. 2019ರ ಜನವರಿಯಲ್ಲಿ ಡಿಪಿಆರ್ ದೆಹಲಿಗೆ ಹೋಯಿತು. ಆಮೇಲೆ ಕಾವೇರಿ ಪ್ರಾಧಿಕಾರ, ಸುಪ್ರೀಂ ಕೋರ್ಟ್ ಅಂತ ವರ್ಷಗಳೇ ಉರುಳಿದವು. ನಂಬಬೇಕಾದ ಮಾತು ಅಂದರೆ ‘ಆಡಳಿತಾತ್ಮಕ ಅನುಮೋದನೆ’. ಅದು ಬಂದರೆ ಆದೇಶಕ್ಕೊಂದು ಸಂಖ್ಯೆ, ದಿನಾಂಕ, ಮೊತ್ತ ಇರುತ್ತದೆ. ಅಲ್ಲಿಂದ ಮುಂದೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಅಷ್ಟು ದೂರ ಬಂದ ಮೇಲೂ ‘ಅನುದಾನದ ಲಭ್ಯತೆ ಆಧರಿಸಿ ಹಂತ ಹಂತವಾಗಿ’ ಎಂದು ಸೇರಿಸಿದ್ದರೆ ಗುದ್ದಲಿ ಪೂಜೆಗೆ ಹೋಗಿ ಬನ್ನಿ, ಉದ್ಘಾಟನೆಗೆ ಆತುರ ಬೇಡ.

ದುಡ್ಡಿನ ವಿಷಯದಲ್ಲಿ ನಾಲ್ಕು ಮಾತುಗಳಿವೆ. ಘೋಷಣೆ, ಹಂಚಿಕೆ, ಬಿಡುಗಡೆ, ವೆಚ್ಚ. ಭಾಷಣದಲ್ಲಿ ಎಲ್ಲವೂ ‘ಕೊಟ್ಟಿದ್ದೇವೆ’ ಆಗಿಬಿಡುತ್ತದೆ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ನೀಡುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ರಾಜ್ಯದಲ್ಲಿ ಚುನಾವಣೆ ಹತ್ತಿರವಿತ್ತು, ಚಿತ್ರದುರ್ಗದ ಕಡೆ ದೊಡ್ಡ ಸುದ್ದಿಯಾಯಿತು. ಭವಿಷ್ಯತ್ಕಾಲದ ಆ ವಾಕ್ಯದಲ್ಲಿ ಯಾವ ವರ್ಷ, ಎಷ್ಟು ಕಂತು ಎಂಬುದು ಇರಲಿಲ್ಲ. ಮುಂದಿನ ವರ್ಷ ರಾಜ್ಯದ ಬಜೆಟ್ ಮಂಡಿಸಿದ ಸಿದ್ದರಾಮಯ್ಯ ಆ ಹಣ ಬಂದಿಲ್ಲ ಎಂದು ದೂರಿದರು. ಇವರೂ ಕಡಿಮೆಯಿಲ್ಲ ಬಿಡಿ. 2023ರಲ್ಲಿ ಕಾಂಗ್ರೆಸ್ಸಿನ ಗೃಹಜ್ಯೋತಿ ಜನರ ಬಾಯಲ್ಲಿ ‘200 ಯೂನಿಟ್ ಫ್ರೀ’ ಆಗಿತ್ತು. ಆದೇಶ ಬಂದಾಗ ಲೆಕ್ಕ ಬೇರೆ ಇತ್ತು. ಹಿಂದಿನ ಹನ್ನೆರಡು ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10. ಒಟ್ಟು 200 ದಾಟುವಂತಿಲ್ಲ. ತಿಂಗಳಿಗೆ 60 ಯೂನಿಟ್ ಸುಡುತ್ತಿದ್ದ ಮನೆಗೆ ಫ್ರೀ ಸಿಕ್ಕಿದ್ದು 66 ಯೂನಿಟ್. ಇಡೀ ಲೆಕ್ಕ ಅಡಗಿದ್ದದ್ದು ‘200ರವರೆಗೆ’ ಎಂಬ ಪದದ ಬಾಲದಲ್ಲಿ.

ವರದಿಗಳದ್ದೇ ಒಂದು ಲೋಕ. ‘ವರದಿ ಬಂದ ಮೇಲೆ ಕ್ರಮ’ ಎಂದರೆ ಎಷ್ಟು ವರ್ಷ ಎಂದು ತಿಳಿಯಬೇಕಾದರೆ ಜನ ‘ಜಾತಿಗಣತಿ’ ಎಂದು ಕರೆಯುವ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಬೇಕು. ಮೂರೂ ಪಕ್ಷಗಳ ಕೈ ದಾಟಿ ಬಂದ ವಿಷಯ ಇದು, ಆದ್ದರಿಂದ ಒಬ್ಬರನ್ನು ಬೈದು ಇನ್ನೊಬ್ಬರನ್ನು ಬಿಡುವ ಪ್ರಶ್ನೆಯಿಲ್ಲ.

2015ರ ಏಪ್ರಿಲ್–ಮೇ ತಿಂಗಳಲ್ಲಿ ಮನೆ ಮನೆ ಸಮೀಕ್ಷೆ ನಡೆಯಿತು. ಎಚ್. ಕಾಂತರಾಜು ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರು, ಸಿದ್ದರಾಮಯ್ಯ ಮುಖ್ಯಮಂತ್ರಿ. ಆಗ ಕೇಳಿದವರಿಗೆಲ್ಲ ಉತ್ತರ: ‘ದತ್ತಾಂಶ ವಿಶ್ಲೇಷಣೆ ನಡೆಯುತ್ತಿದೆ.’ 2018ರಲ್ಲಿ ಸರ್ಕಾರ ಬದಲಾಯಿತು. ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ ಬಂದರು. ಉತ್ತರ ‘ವರದಿ ಸಲ್ಲಿಕೆಯಾಗಿಲ್ಲ’ ಎಂದಾಯಿತು. ಅದೂ ನಿಜವೇ. ವರದಿಗೆ ಆಯೋಗದ ಸದಸ್ಯ ಕಾರ್ಯದರ್ಶಿಯ ಸಹಿ ಇರಲಿಲ್ಲ. ಸಹಿ ಇಲ್ಲದ ಕಾಗದ ಕಚೇರಿಯ ಪಾಲಿಗೆ ಕಾಗದವೇ ಅಲ್ಲ. ಸಹಿ ಯಾಕೆ ಆಗಿಲ್ಲ ಎಂದು ಕೇಳಿದರೆ ಮಾತ್ರ ಉತ್ತರ ಕಷ್ಟವಾಗುತ್ತಿತ್ತು. 

2023ರಲ್ಲಿ ಸಿದ್ದರಾಮಯ್ಯ ಮತ್ತೆ ಬಂದರು. 2024ರ ಫೆಬ್ರುವರಿ 29ರಂದು ಆಯೋಗದ ಆಗಿನ ಅಧ್ಯಕ್ಷ ಕೆ. ಜಯಪ್ರಕಾಶ್ ಹೆಗ್ಡೆ ವರದಿ ಕೊಟ್ಟರು. ಈಗ ಏನು ಹೇಳುವುದು? ‘ಸ್ವೀಕರಿಸಿದ್ದೇವೆ, ಸಂಪುಟದಲ್ಲಿ ಚರ್ಚಿಸಿ ತೀರ್ಮಾನ.’ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವರದಿಯನ್ನು ಸ್ವೀಕರಿಸುವುದು ಅಂದರೆ ಲಕೋಟೆ ಕೈಗೆ ತೆಗೆದುಕೊಳ್ಳುವುದು. ಸಂಪುಟದ ಮುಂದೆ ಮಂಡಿಸುವುದು ಬೇರೆ, ಸಂಪುಟ ಅಂಗೀಕರಿಸುವುದು ಬೇರೆ, ಶಿಫಾರಸು ಜಾರಿ ಮಾಡುವುದು ಇನ್ನೂ ಬೇರೆ. ನಾಲ್ಕೂ ಒಂದೇ ಅನ್ನುವ ಹಾಗೆ ಮೈಕಿನ ಮುಂದೆ ಮಾತಾಡಬಹುದು. ಸ್ವೀಕಾರದಿಂದ ಮಂಡನೆಗೆ ಬರಲು 2025ರ ಏಪ್ರಿಲ್ ಆಯಿತು. ಅಷ್ಟರಲ್ಲಿ ಸಮೀಕ್ಷೆಗೆ ಹತ್ತು ವರ್ಷ ತುಂಬಿತ್ತು. ಹಿಂದುಳಿದ ವರ್ಗಗಳ ಆಯೋಗದ ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಣೆ ಆಗಬೇಕು. ಜೂನ್‌ನಲ್ಲಿ ತೀರ್ಮಾನ ಬಂತು: ದತ್ತಾಂಶ ಹಳೆಯದು, ಹೊಸ ಸಮೀಕ್ಷೆ ಮಾಡುವುದು. ಸೆಪ್ಟೆಂಬರ್ 22ರಿಂದ ಗಣತಿದಾರರು ಮತ್ತೆ ಮನೆ ಬಾಗಿಲಿಗೆ ಬಂದರು.

ಸಮೀಕ್ಷೆ ವೈಜ್ಞಾನಿಕವೋ ಅಲ್ಲವೋ, ನನಗೆ ಆ ವಾದ ಇಲ್ಲಿ ಬೇಡ. ಕರಡು ಬರೆಯುವವನ ಕಣ್ಣಿಂದ ನೋಡಿದರೆ ಆ ಹತ್ತು ವರ್ಷದ ಉತ್ತರಗಳಲ್ಲಿ ಸುಳ್ಳು ಎಂದು ತೋರಿಸುವಂಥದ್ದು ಯಾವುದೂ ಸಿಗುವುದಿಲ್ಲ. ಬಹಳ ಅಚ್ಚುಕಟ್ಟಾದ ಕೆಲಸ ಅದು. 

ಹಾಗಾದರೆ ಶಾಸಕರಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅದಕ್ಕೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಮ್ಮ ಎರಡೂ ಸದನಗಳಲ್ಲಿಯೂ ಇಂಥ ಸಮಿತಿ ಇದೆ. ಸಂಸತ್ತಿನಲ್ಲಿ ಯಾವ ಮಾತು ಹೇಳಿದರೆ ಅದು ಭರವಸೆ ಎಂದು ಲೆಕ್ಕಕ್ಕೆ ಬರುತ್ತದೆ ಎಂಬ ಪಟ್ಟಿಯೇ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ವಿಚಾರಿಸುತ್ತೇನೆ’, ‘ಸದಸ್ಯರಿಗೆ ತಿಳಿಸುತ್ತೇನೆ’ ಎಲ್ಲ ಅದರಲ್ಲಿವೆ. ಹೀಗೆ ಹೇಳಿ ಸಿಕ್ಕಿಬಿದ್ದರೆ ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವೇ ಗಡುವು ಕೇಳಿಕೊಂಡು ಸಮಿತಿಯ ಮುಂದೆ ನಿಲ್ಲಬೇಕು.

ಇದರಿಂದ ಇನ್ನೊಂದು ಪರಿಣಾಮವಾಯಿತು. ಪಳಗಿದ ಅಧಿಕಾರಿ ‘ಪರಿಶೀಲಿಸಲಾಗುವುದು’ ಎಂದು ಬರೆಯಲು ಹಿಂಜರಿಯುತ್ತಾನೆ. ‘ಮಾನ್ಯ ಸದಸ್ಯರ ಸಲಹೆಯನ್ನು ಗಮನಿಸಲಾಗಿದೆ’ ಎಂದು ಬರೆಯುತ್ತಾನೆ. ಗಮನಿಸಿ ಆಯಿತಲ್ಲ, ಇನ್ನೇನು ಬಾಕಿ? ಸಚಿವರು ಇದನ್ನು ಓದಿ ಸುಮ್ನೆ ಕೂತರೆ ನಮಗೆ ನೆಮ್ಮದಿ. ಶಾಸಕರು ಏರುದನಿಯಲ್ಲಿ ಕೂಗಾಡಿದಾಗ ಸಚಿವರು ಉತ್ಸಾಹದಲ್ಲಿ ‘ಆಯ್ತು ಮಾಡಿಸ್ಕೊಡ್ತೀನಿ’ ಎಂದುಬಿಡುತ್ತಾರೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಹೋಗುವಷ್ಟರಲ್ಲಿ ಮಾತು ಕಡತಕ್ಕೆ ಹೋಗಿರುತ್ತದೆ. ಹೀಗಾಗಿ ಚುಕ್ಕೆ ಗುರುತಿನ ಪ್ರಶ್ನೆಗಳ, ಅಂದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳ ಉಪಪ್ರಶ್ನೆ ಭಾಗವನ್ನು ತಪ್ಪದೆ ಕೇಳಿ. ನಿಜ ಹೊರಬೀಳುವುದು ಅಲ್ಲೇ. ಅಂದಹಾಗೆ ಸಚಿವರ ಕೈಯಲ್ಲಿ ಪೂರಕ ಟಿಪ್ಪಣಿ ಅಂತ ಬೇರೆ ಕಾಗದ ಇರುತ್ತದೆ. ಏನೇನು ಕೇಳಬಹುದು, ನಿಜವಾಗಿ ಏನಾಗಿದೆ ಎಂದು ಅದರಲ್ಲಿ ಬರೆದುಕೊಟ್ಟಿರುತ್ತೇವೆ. ಉತ್ತರ ಒಂದು ಪುಟವಾದರೆ ಟಿಪ್ಪಣಿ ನಾಲ್ಕು ಪುಟ. 

ಸದನದ ಹೊರಗಿನ ಮಾತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ‘ಹೈಕಮಾಂಡ್ ಹೇಳಿದಂತೆ’ ಅಂದರೆ ನನಗೂ ಆಸೆಯಿದೆ ಅಂತ. ‘ಅದು ಅವರ ವೈಯಕ್ತಿಕ ಅಭಿಪ್ರಾಯ’ ಅಂದರೆ ಸದ್ಯಕ್ಕೆ ಪಕ್ಷ ಅವರ ಬೆನ್ನಿಗಿಲ್ಲ. ‘ತಪ್ಪಿತಸ್ಥರು ಯಾರೇ ಆಗಿದ್ದರೂ’ ಎಂದು ಶುರುವಾದರೆ ಹೆಸರು ಹೇಳಲು ಇಷ್ಟವಿಲ್ಲ. ‘ಹೇಳಿಕೆ ತಿರುಚಲಾಗಿದೆ’ ಎನ್ನುವುದಕ್ಕೆ ವಿವರಣೆ ಬೇಕಾಗಿಲ್ಲ ಅಲ್ವಾ?

ನಿಮ್ಮೂರಿನ ಕೆಲಸದ ಬಗ್ಗೆ ಇಂಥ ಉತ್ತರ ಬಂದಿದ್ದರೆ ಅದನ್ನೇ ಹಿಡಿದು ಮುಂದೆ ಹೋಗಬಹುದು. ಪ್ರಶ್ನೋತ್ತರಗಳು ವಿಧಾನಮಂಡಲದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅಲ್ಲಿಂದ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಗಡುವು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ‘ಕೆಲಸ ಯಾಕೆ ಆಗಿಲ್ಲ’ ಎಂದು ಮಾತ್ರ ಬರೆಯಬೇಡಿ. ಕಾರಣ ಕೊಡುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕಡತ ಯಾವ ದಿನಾಂಕದಂದು ಯಾವ ಶಾಖೆಗೆ ಹೋಯಿತು, ಈಗ ಎಲ್ಲಿದೆ ಎಂದು ಕೇಳಿ. ಟಿಪ್ಪಣಿ ಹಾಳೆಗಳ ಪ್ರತಿ ಕೇಳಿ. ಯಾರು ಏನು ಬರೆದು ಯಾವತ್ತು ಸಹಿ ಹಾಕಿದ್ದಾರೆ ಎಂಬುದು ಅದರಲ್ಲಿರುತ್ತದೆ. ಪ್ರತಿ ಪುಟಕ್ಕೆ ಎರಡು ರೂಪಾಯಿ. ಕಡತ ಸಂಖ್ಯೆಗಾಗಿ ಎಲ್ಲೂ ಅಲೆಯಬೇಕಿಲ್ಲ. ಉತ್ತರದ ಕಾಗದದ ಕೊನೆಯಲ್ಲಿ, ಸಚಿವರ ಸಹಿಯ ಎಡಕ್ಕೆ ನೋಡಿ. ಇಲಾಖೆಯ ಹೆಸರಿನ ಮೊದಲಕ್ಷರಗಳ ಜೊತೆ ಸಣ್ಣದಾಗಿ ಅಚ್ಚಾಗಿರುತ್ತದೆ.