ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ, ಯಾವ ಶೂ ಕೊಳ್ಳೋಣ?

ಪ್ರಶ್ನೆ: ಜುಲೈನಲ್ಲಿ ಮಗಳ ಮನೆಗೆ ಅಮೆರಿಕಕ್ಕೆ ಹೋಗ್ತಿದ್ದೇವೆ. ಮೊಮ್ಮಕ್ಕಳ ಜೊತೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಐದು ದಿನ ಅಂತೆ. ನನಗೆ 60 ದಾಟಿದೆ, ಯಜಮಾನರಿಗೆ ಶುಗರ್ ಇದೆ. ಇಬ್ಬರಿಗೂ ಚಪ್ಪಲಿಯೇ ರೂಢಿ. ಶೂ ತಗೊಳ್ಳಲೇಬೇಕಾ? ತಗೊಂಡರೆ ಯಾವುದು?

ಉತ್ತರ: ತಗೊಳ್ಳಲೇಬೇಕು. ಆದರೆ ಸಾಧ್ಯವಾದರೆ ತಲಾ ಎರಡು ಜೊತೆ, ಅದೂ ಹೊರಡುವುದಕ್ಕೆ ಕನಿಷ್ಠ ಮೂರು ವಾರ ಮೊದಲು. ಕಂಪನಿ ಯಾವುದು ಅನ್ನೋದು ಆಮೇಲಿನ ಮಾತು.

ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಲ್ಲ, ನಾಲ್ಕು. 1971ರಲ್ಲಿ ಶುರುವಾದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, ಆಮೇಲೆ ಹಾಲಿವುಡ್ ಸ್ಟುಡಿಯೋಸ್ ಮತ್ತು ಅನಿಮಲ್ ಕಿಂಗ್‌ಡಮ್. ಎಪ್ಕಾಟ್‌ನಲ್ಲಿ ನೀರಿನ ಸುತ್ತ ಹನ್ನೊಂದು ದೇಶಗಳ ಮಾದರಿ ಬೀದಿಗಳಿವೆ. ಆ ಒಂದು ಸುತ್ತೇ ಹತ್ತಿರ ಹತ್ತಿರ 2 ಕಿಲೋಮೀಟರ್. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೆ, ಕಾರು ನಿಲ್ಲಿಸಿ, ಮೊನೊರೈಲನ್ನೋ ಫೆರಿಯನ್ನೋ ಹಿಡಿದು ಆಮೇಲೆ ಗೇಟು ಮುಟ್ಟಬೇಕು. ದಿನಕ್ಕೆ 10 ಕಿಲೋಮೀಟರ್ ದಾಟುವುದು ಅಲ್ಲಿ ಮಾಮೂಲು.

ಆದರೂ ಕಾಲು ಸೋಲುವುದು ನಡಿಗೆಯಿಂದಲ್ಲ, ನಿಂತು ನಿಂತು. ಒಂದೊಂದು ರೈಡಿಗೂ ಕ್ಯೂ ಇರುತ್ತದೆ. ಕಾಂಕ್ರೀಟಿನ ಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ನಡೆಯುವಾಗ ಮೀನಖಂಡ ಬಿಗಿದು ಸಡಿಲವಾಗಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತರೆ ಆ ಕೆಲಸ ನಿಧಾನವಾಗುತ್ತದೆ, ನೀರು ಪಾದಕ್ಕೆ ಇಳಿಯುತ್ತದೆ. ಜುಲೈನ ಫ್ಲಾರಿಡಾ ಸೆಕೆ ಬೇರೆ. ಹಾಗಾಗಿ ಬೆಳಿಗ್ಗೆ ಸರಿಯಾಗಿದ್ದ ಶೂ ಸಂಜೆಗೆ ಬಿಗಿ. ನೀವು ಶೂ ಕೊಳ್ಳಬೇಕಾದ್ದು ಆ ಸಂಜೆಯ ಪಾದಕ್ಕೆ.

ಅದಕ್ಕೇ ಅಂಗಡಿಗೆ ಸಂಜೆ ಹೋಗಿ. ಡಿಸ್ನಿಯಲ್ಲಿ ಹಾಕಿಕೊಳ್ಳುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಕೂತು ನೋಡಿದರೆ ಸಾಲದು, ಎದ್ದು ನಿಂತು ನೋಡಿ. ಅತಿ ಉದ್ದದ ಕಾಲ್ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಎಷ್ಟೋ ಜನರಿಗೆ ಎರಡನೇ ಬೆರಳೇ ಉದ್ದ, ಅದನ್ನು ಮರೆಯಬೇಡಿ.

ಚಪ್ಪಲಿಯಲ್ಲೇ, ಬರಿಗಾಲಲ್ಲೇ ಬೆಳೆದ ನಮ್ಮಲ್ಲಿ ಅನೇಕರ ಪಾದ ಮುಂದೆ ಅಗಲ. ಇಕ್ಕಟ್ಟಾಯಿತು ಅಂದ ಕೂಡಲೇ ಅಂಗಡಿಯವರು ಒಂದು ನಂಬರ್ ದೊಡ್ಡದು ಕೊಡುತ್ತಾರೆ. ಅದರಿಂದ ಉದ್ದ ಜಾಸ್ತಿಯಾಗಿ ಹಿಮ್ಮಡಿ ಜಾರುತ್ತದೆ, ಅಲ್ಲೇ ಗುಳ್ಳೆ ಏಳುತ್ತದೆ. ನಿಮಗೆ ಬೇಕಿರುವುದು ಅಗಲ, ಉದ್ದ ಅಲ್ಲ. ‘ವೈಡ್’ ಇದೆಯಾ ಅಂತ ಕೇಳಿ. ಗಂಡಸರ ಶೂನಲ್ಲಿ 2ಇ, ಹೆಂಗಸರ ಶೂನಲ್ಲಿ ಡಿ ಅಂತ ಬರೆದಿದ್ದರೆ ಅದು ಅಗಲದ ಗುರುತು. ಇನ್ನೊಂದು ಸುಲಭದ ಪರೀಕ್ಷೆ: ಒಳಗಿನ ಅಟ್ಟೆ ಹೊರತೆಗೆದು ಅದರ ಮೇಲೆ ನಿಲ್ಲಿ. ಪಾದ ಅಂಚಿನಿಂದ ಆಚೆ ಹರಡಿದರೆ ಆ ಶೂ ನಿಮಗಲ್ಲ. ಮಗಳು ಅಲ್ಲಿಂದಲೇ ಆರ್ಡರ್ ಮಾಡ್ತೀನಿ ಅಂದರೆ ನಂಬರ್ ಬಗ್ಗೆ ಹುಷಾರು. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಅಳತೆ. ಗಂಡಸರ 8 ನಂಬರ್ ನೈಕಿಯಲ್ಲಿ ಅಮೆರಿಕದ 9 ಆಗುತ್ತದೆ, ಅಡಿಡಾಸ್‌ನಲ್ಲಿ ಎಂಟೂವರೆ. ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದು ಕಳಿಸುವುದೇ ಒಳ್ಳೆಯದು.

ಅಮ್ಮ, ನಿಮ್ಮ ಕಾಲುಂಗುರ! ಶೂ ಅಭ್ಯಾಸವಿಲ್ಲದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಬೆರಳು ಊದಿದಾಗ ಉಂಗುರ ಬಿಗಿಯುತ್ತದೆ, ಪಕ್ಕದ ಬೆರಳಿಗೆ ದಿನವಿಡೀ ಉಜ್ಜುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ತೆಳುವಾದ, ಮುತ್ತು ಕಲ್ಲು ಇಲ್ಲದ ಜೊತೆ ಹಾಕಿಕೊಳ್ಳಿ. ಅಂಗಡಿಯಲ್ಲೂ ಉಂಗುರ ಇಟ್ಟುಕೊಂಡೇ ಶೂ ಹಾಕಿ ನೋಡಿ.

ವಾಕಿಂಗ್ ಶೂ ಅಂತಲೇ ಹುಡುಕಬೇಕಿಲ್ಲ, ರನ್ನಿಂಗ್ ಶೂ ನಡೆಯಲು ಚೆನ್ನಾಗೇ ಇರುತ್ತದೆ. ಶೂ ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವೆ ಮಡಚಬಾರದು. ಹಿಂಬದಿ ಹಿಚುಕಿದರೆ ಗಟ್ಟಿಯಾಗಿರಬೇಕು. ದಿಂಬಿನ ಹಾಗೆ ಮೆತ್ತಗಿರುವುದು ಅಂಗಡಿಯಲ್ಲಿ ಹಾಯಾಗಿರುತ್ತದೆ. ಕ್ಯೂನಲ್ಲಿ ಗಂಟೆಗಟ್ಟಲೆ ನಿಂತಾಗ ಕಾಲು ಅತ್ತಿತ್ತ ವಾಲುತ್ತದೆ, ಹಾಗಾಗಿ ನನಗೆ ಅದು ಇಷ್ಟವಿಲ್ಲ.

ವಾಟರ್‌ಪ್ರೂಫ್ ಶೂ ಕೊಳ್ಳಿ ಅನ್ನುವವರು ಸಿಗುತ್ತಾರೆ. ಬೇಡ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಅನಿಮಲ್ ಕಿಂಗ್‌ಡಮ್‌ನ ಕಾಲಿ ರಿವರ್ ರ‍್ಯಾಪಿಡ್ಸ್ ಅನ್ನೋ ನೀರಿನ ರೈಡ್ ಅಂತೂ ಮೈಯೆಲ್ಲ ತೋಯಿಸುತ್ತದೆ. ನೀರು ಮೇಲಿನಿಂದ ಒಳಗೆ ಹೋದಮೇಲೆ ವಾಟರ್‌ಪ್ರೂಫ್ ಶೂನಿಂದ ಹೊರಗೆ ಬರುವುದಿಲ್ಲ. ಬಲೆಬಟ್ಟೆಯ ಶೂ ನೆನೆಯುತ್ತದೆ, ಬೇಗ ಒಣಗುತ್ತದೆ ಕೂಡ. ಎರಡು ಜೊತೆ ಅಂದಿದ್ದು ಇದಕ್ಕೂ ಸೇರಿ. ಒಂದು ಒಣಗುವಾಗ ಇನ್ನೊಂದು ಕಾಲಲ್ಲಿರುತ್ತದೆ. ದಿನವಿಡೀ ಅಮುಕಿದ ಅಟ್ಟೆಯ ಫೋಮ್ ಮತ್ತೆ ಉಬ್ಬಲೂ ಸಮಯ ಸಿಗುತ್ತದೆ. ಎರಡೂ ಬೇರೆ ಬೇರೆ ಮಾದರಿಯಾದರೆ ಒಂದೇ ಜಾಗಕ್ಕೆ ದಿನವೂ ಒತ್ತಡ ಬೀಳುವುದಿಲ್ಲ. ನೆನೆದ ಶೂಗೆ ರಾತ್ರಿ ಪೇಪರ್ ತುರುಕಿಡಿ. ಹೇರ್ ಡ್ರೈಯರ್ ಬಿಸಿ ಹಿಡಿಯಬೇಡಿ, ಅಂಟು ಬಿಡಬಹುದು.

ಸಾಕ್ಸ್ ಹತ್ತಿಯದ್ದು ಬೇಡ ಅಂದರೆ ಆಶ್ಚರ್ಯ ಆಗಬಹುದು. ಹತ್ತಿ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ. ಒದ್ದೆ ಚರ್ಮ ಬೇಗ ಗುಳ್ಳೆ ಏಳುತ್ತದೆ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಮಿಶ್ರಣದ್ದು ಅಥವಾ ತೆಳು ಮೆರಿನೊ ಉಣ್ಣೆಯದ್ದು ತಗೊಳ್ಳಿ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಇರಲಿ, ಊಟದ ಹೊತ್ತಿಗೆ ಬದಲಾಯಿಸಿ. ಎಲ್ಲಾದರೂ ಉರಿ ಅನ್ನಿಸಿದರೆ ಅಲ್ಲೇ ಕೂತು ಟೇಪ್ ಅಂಟಿಸಿ, ಗುಳ್ಳೆ ಬರುವವರೆಗೆ ಕಾಯಬೇಡಿ. ಪ್ರತಿ ಪಾರ್ಕಿನಲ್ಲೂ ಫಸ್ಟ್ ಏಡ್ ಸೆಂಟರ್ ಇದೆ.

ಯಜಮಾನರ ವಿಷಯ ಬೇರೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗಬಹುದು. ಶೂ ಕಚ್ಚಿದರೂ, ಒಳಗೆ ಕಲ್ಲು ಸೇರಿದರೂ ಗೊತ್ತಾಗುವುದಿಲ್ಲ. ಹೊರಡುವ ಮೊದಲು ಡಾಕ್ಟರ ಹತ್ತಿರ ಪಾದ ತೋರಿಸಿಕೊಂಡು ಬರಲಿ. ಹಾಕುವ ಮೊದಲು ಶೂ ಒಳಗೆ ಕೈ ಆಡಿಸಿ ನೋಡುವುದು, ರಾತ್ರಿ ಅಂಗಾಲು ಮತ್ತು ಬೆರಳ ಸಂದಿ ಪರೀಕ್ಷಿಸುವುದು ದಿನದ ಕೆಲಸವಾಗಲಿ. ಬಗ್ಗಲು ಆಗದಿದ್ದರೆ ನೀವು ನೋಡಿ. ಗುಳ್ಳೆ ಬಂದರೆ ಸೂಜಿ ಚುಚ್ಚಬೇಡಿ. ಅವರಿಗೆ ತೆರೆದ ಚಪ್ಪಲಿ ಬೇಡವೇ ಬೇಡ. ಪಾರ್ಕುಗಳಲ್ಲಿ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಸಂಕೋಚ ಬೇಡ, ಮೂರನೇ ದಿನ ತಗೊಂಡರೂ ಸರಿ.

ನಿಮಗೆ ಸಂಜೆ ಹೋಟೆಲಿನಲ್ಲಿ ಓಡಾಡಲು ಚಪ್ಪಲಿ ಸಾಕು. ಪಾರ್ಕಿನಲ್ಲಿ ಹವಾಯಿ ಚಪ್ಪಲಿ ಹಾಕಿದರೆ ಅದು ಬಿದ್ದುಹೋಗದಂತೆ ಬೆರಳುಗಳು ಹಿಡಿದುಕೊಂಡೇ ಇರಬೇಕು, ಅದಕ್ಕೇ ಪಾದ ನೋಯುತ್ತದೆ. ಸೀರೆ ಕೆಳಗೆ ಶೂ ಚೆನ್ನಾಗಿ ಕಾಣಲ್ಲ ಅನ್ನೋ ಚಿಂತೆ ಇದ್ದರೆ ಚೂಡಿದಾರ್ ಹಾಕಿಕೊಳ್ಳಿ. ಅಲ್ಲಿ ಯಾರೂ ನಿಮ್ಮ ಕಾಲು ನೋಡುವುದಿಲ್ಲ ಬಿಡಿ.

ಕೊಂಡ ಶೂಗಳನ್ನು ಬೀರುವಿನಲ್ಲಿ ಜೋಪಾನ ಮಾಡಬೇಡಿ. ಎರಡನ್ನೂ ಬದಲಿಸಿ ಬದಲಿಸಿ ಹಾಕಿಕೊಂಡು ದಿನವೂ ನಡೆಯಿರಿ, ಮೊದಲು ಅರ್ಧ ಗಂಟೆ, ಆಮೇಲೆ ಒಂದೂವರೆ ಗಂಟೆವರೆಗೆ. ಎಲ್ಲಾದರೂ ಕಚ್ಚಿದರೆ ಬದಲಾಯಿಸಲು ಆಗ ಇನ್ನೂ ಸಮಯ ಇರುತ್ತದೆ. ದಪ್ಪ ಇರುವ ಜೊತೆಯನ್ನು ವಿಮಾನದಲ್ಲಿ ಹಾಕಿಕೊಂಡೇ ಹೋಗಿ, ಲೇಸ್ ಸಡಿಲ ಮಾಡಿಕೊಳ್ಳಿ. ಸೂಟ್‌ಕೇಸಿನಲ್ಲಿ ಚಟ್ನಿಪುಡಿಗೂ ಜಾಗ ಉಳಿಯುತ್ತದೆ.