ಹಾಸಿಗೆ ಹಿಡಿದವರ ಮನೆಗೆ ಹೋಗುವ ಮೊದಲು

ಚರ್ಚಿನ ಸಭೆಯಲ್ಲಿ ರೋಗಿಗಳ ಭೇಟಿಗೆ ತಂಡ ಕಟ್ಟುವುದು ಕಷ್ಟವಲ್ಲ. ಆರಾಧನೆ ಮುಗಿದ ಮೇಲೆ ಕೇಳಿದರೆ ಹತ್ತಾರು ಹೆಸರು ಬರುತ್ತವೆ, ವರ್ಷ ತುಂಬುವಷ್ಟರಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಬಿಟ್ಟವರು ಸೋಮಾರಿಗಳೇನಲ್ಲ. ಸಭಾಪಾಲಕರಾದ ಅಯ್ಯನವರು ಕೇಳಿದಾಗ ಇಲ್ಲ ಎನ್ನಲಾಗದ ದಾಕ್ಷಿಣ್ಯ, ವಾರ್ಷಿಕ ವರದಿಗೆ ಬೇಕಾದ ಲೆಕ್ಕ, ಇಷ್ಟೂ ಮಾಡದಿದ್ದರೆ ನಾನೆಂಥ ಕ್ರೈಸ್ತ ಎಂಬ ಅಳುಕು ಅವರನ್ನು ಹೊರಡಿಸಿರುತ್ತವೆ. ಇವುಗಳ ಬಲದಿಂದ ಕೆಲವು ತಿಂಗಳು ನಡೆಯಬಹುದು. ಆಮೇಲೆ ಆದರದಿಂದ ಕೂರಿಸಿ ಕಾಫಿ ಕೊಡುವ ಮನೆಗಳಿಗೇ ಕಾಲು ಎಳೆಯುತ್ತದೆ, ಸದಾ ಗೊಣಗುವ ಅಜ್ಜನ ಮನೆ ಪಟ್ಟಿಯಿಂದ ತಾನಾಗಿ ಜಾರುತ್ತದೆ.

ಬೈಬಲಿನ ಯೋಹಾನನ ಸುವಾರ್ತೆ 21ನೇ ಅಧ್ಯಾಯದಲ್ಲಿ ಯೇಸು ಶಿಷ್ಯ ಪೇತ್ರನಿಗೆ ಕುರಿಗಳನ್ನು, ಅಂದರೆ ತನ್ನ ಜನರನ್ನು, ಒಪ್ಪಿಸುವ ಕ್ರಮವನ್ನು ಭೇಟಿಗೆ ಹೋಗುವ ಪ್ರತಿಯೊಬ್ಬರೂ ನಿಧಾನವಾಗಿ ಓದಬೇಕು. ತನ್ನನ್ನು ಅರಿಯೆನೆಂದ ಮನುಷ್ಯನಿಗೆ ಮೊದಲು ಕೆಂಡದ ಮೇಲೆ ಮೀನು ಬೇಯಿಸಿ, ರೊಟ್ಟಿ ಕೊಟ್ಟು ಉಣಿಸುತ್ತಾನೆ. ಊಟವಾದ ಮೇಲೆಯೇ ಪ್ರಶ್ನೆ. ಅದೂ ಕುರಿಗಳ ಮೇಲೆ ನಿನಗೆ ಪ್ರೀತಿ ಇದೆಯೋ ಎಂದಲ್ಲ, ನನ್ನನ್ನು ಪ್ರೀತಿಸುತ್ತೀಯೋ ಎಂದು, ಮೂರು ಸಲ. ಆ ಗೊಣಗುವ ಅಜ್ಜನ ಬಗ್ಗೆ ಇವತ್ತು ಮನಸ್ಸಿನಲ್ಲಿ ಅಕ್ಕರೆ ಉಕ್ಕದಿದ್ದರೂ ಹೊರಡಬಹುದು, ಕ್ರಿಸ್ತನ ಮೇಲಿನ ಪ್ರೀತಿ ಸಾಕು. ಹೋಗುತ್ತಾ ಹೋಗುತ್ತಾ ಅಜ್ಜನ ಮೇಲಿನ ಅಕ್ಕರೆಯೂ ಹುಟ್ಟುವುದುಂಟು. ತಾನು ಉಣ್ಣದೆ ಉಣಿಸಹೊರಟವರು ಮಾತ್ರ ಬೇಗ ಬತ್ತಿಹೋಗುತ್ತಾರೆ. ಅದಕ್ಕೇ, ತಿಂಗಳಿಗೊಂದು ಭಾನುವಾರವಾದರೂ ಯಾವ ಜವಾಬ್ದಾರಿಯೂ ಇಲ್ಲದೆ ಬೆಂಚಿನ ಮೇಲೆ ಕೂತು ವಾಕ್ಯ ಕೇಳುವ ಅವಕಾಶ ತಂಡದ ಪ್ರತಿಯೊಬ್ಬರಿಗೂ ಇರಬೇಕು.

ಪ್ರೀತಿ ಇದ್ದರೆ ಪಟ್ಟಿ, ಪುಸ್ತಕ, ಪಾಳಿ ಯಾಕೆ ಎಂದು ಕೇಳುವವರಿದ್ದಾರೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಇದಕ್ಕೆ ಉತ್ತರ. ಯೆರೂಸಲೇಮಿನ ಸಭೆಯಲ್ಲಿ ಪ್ರೀತಿಗೆ ಬರವಿರಲಿಲ್ಲ, ಆದರೂ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ತಪ್ಪಿಹೋಗಿದ್ದರು. ಅಪೊಸ್ತಲರು ಏಳು ಮಂದಿಯನ್ನು ನೇಮಿಸಿದರು. ನಿಮ್ಮಲ್ಲೂ ಒಬ್ಬರಿಗೆ 3 ಅಥವಾ 4 ಮನೆ, ಅದಕ್ಕಿಂತ ಹೆಚ್ಚು ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಹೋದ ದಿನ, ಓದಿದ ಭಾಗ, ಮುಂದಿನ ಸಲ ನೆನಪಿಡಬೇಕಾದ ಒಂದು ಸಂಗತಿ ಬರೆದಿಡಿ. ಮೊಮ್ಮಗಳ ಪರೀಕ್ಷೆ ಹೇಗಾಯಿತೆಂದು ಮುಂದಿನ ಸಲ ಕೇಳಿದರೆ, ಮಲಗಿದ್ದವರಿಗೆ ಅದು ವೇದಿಕೆಯ ದೊಡ್ಡ ಧರ್ಮೋಪದೇಶಕ್ಕಿಂತ ಹೆಚ್ಚು. ರೋಗದ ವಿವರ ಆ ಪುಸ್ತಕದಲ್ಲಿ ಬೇಡ.

ಹೋಗುವ ಮೊದಲು ಫೋನ್ ಮಾಡಿ. ಸ್ನಾನ, ಡ್ರೆಸ್ಸಿಂಗ್, ಮಧ್ಯಾಹ್ನದ ನಿದ್ದೆಯ ಹೊತ್ತು ತಪ್ಪಿಸಿ. ಇಬ್ಬರೇ ಸಾಕು, ಹೆಣ್ಣುಮಗಳು ಒಬ್ಬರೇ ಇರುವ ಮನೆಗೆ ಗಂಡಸು ಒಬ್ಬನೇ ಹೋಗಬಾರದು. ನೆಗಡಿ, ಕೆಮ್ಮು ಇದ್ದರೆ ಆ ವಾರ ಫೋನಿನಲ್ಲೇ ಪ್ರಾರ್ಥಿಸಿ. ಒಳಗೆ ಹೋದೊಡನೆ ಕೈ ತೊಳೆಯಿರಿ. ಹಾಸಿಗೆಯ ಮೇಲೆ ಕೂರಬೇಡಿ, ನಿಂತೂ ಮಾತಾಡಬೇಡಿ. ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟದಲ್ಲಿ, ಕತ್ತು ತಿರುಗಿಸದೆ ಕಾಣುವ ಕಡೆ ಕೂರಿ. ಮನೆಯಲ್ಲಿ 20 ನಿಮಿಷ, ಆಸ್ಪತ್ರೆಯಲ್ಲಿ 5ರಿಂದ 10 ನಿಮಿಷ. ಅರ್ಧಕ್ಕಿಂತ ಹೆಚ್ಚು ಹೊತ್ತು ಅವರೇ ಮಾತಾಡಲಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಏನಕ್ಕಾಗಿ ಎಂದೂ ಕೇಳಿ. ನಾವು ವಾಸಿಯಾಗಲಿ ಎಂದು ಬೇಡುತ್ತಿರುವಾಗ ಅವರಿಗೆ ಬೇಕಿರುವುದು ಮಾತು ಬಿಟ್ಟ ತಮ್ಮನೊಡನೆ ರಾಜಿ ಆಗಿರಬಹುದು. ಓದಲು 23ನೇ ಕೀರ್ತನೆ 6 ವಚನ, 121ನೆಯದು 8 ವಚನ, ಅಷ್ಟು ಸಾಕು. ಹಿರಿಯರಿಗೆ ಬಾಯಿಪಾಠವಾಗಿರುವ ಭಾಗ ಆರಿಸಿಕೊಂಡರೆ, ಮಾತು ಮರೆತವರೂ ತುಟಿ ಆಡಿಸುವುದನ್ನು ನೋಡುತ್ತೀರಿ.

ಹೆಚ್ಚು ನೋವಾಗುವುದು ಒಳ್ಳೆಯ ಮನಸ್ಸಿನವರ ಮಾತಿನಿಂದಲೇ. ವಿಶ್ವಾಸ ಇನ್ನೂ ಗಟ್ಟಿಯಾಗಬೇಕು, ದೇವರು ಪರೀಕ್ಷಿಸುತ್ತಿದ್ದಾನೆ, ಆ ಮಾತ್ರೆ ನಿಲ್ಲಿಸಿ ಈ ಕಷಾಯ ಕುಡಿಯಿರಿ ಎಂಬಂಥವು. ಇವು ಹೇಳುವವರ ದಿಗಿಲನ್ನು ಇಳಿಸುತ್ತವೆ, ಕೇಳುವವರ ಎದೆಗೆ ಭಾರ ಹೇರುತ್ತವೆ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ರೋಗಕ್ಕೆ ಸಿಕ್ಕ ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಷ್ಟು ಹೊತ್ತು ಗೆಳೆಯರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟಿತು. ಇನ್ನೊಂದು, ಸಭೆಯ ವಾಟ್ಸ್‌ಆ್ಯಪ್ ಗುಂಪು. ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ರೋಗದ ಹೆಸರು, ಹಾಸಿಗೆಯ ಫೋಟೋ ಹಾಕುವುದು ಘೋರ ತಪ್ಪು. ಅವರ ಅಪ್ಪಣೆ ಇಲ್ಲದೆ ಹೆಸರೂ ಹೊರಗೆ ಹೋಗಕೂಡದು. ಹಣದ ಸಹಾಯ ಬೇಕಾದರೆ ಸಭಾ ಸಮಿತಿಯ ಮೂಲಕವೇ ಹೋಗಲಿ. ನಾವೇ ಕೈಯಲ್ಲಿಟ್ಟರೆ ಮುಂದಿನ ಭೇಟಿಯಲ್ಲಿ ಅವರು ಮನಬಿಚ್ಚಿ ಮಾತಾಡಲಾರರು.

ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಸಂಸ್ಕಾರಕ್ಕೆ, ಸಭಾಪಾಲಕರನ್ನು ಕರೆದೊಯ್ಯುವ ಮೊದಲು ರೋಗಿ ನುಂಗಬಲ್ಲರೇ ಎಂದು ಮನೆಯವರನ್ನು ಕೇಳಿಕೊಳ್ಳಿ. ಬಾಯಿ ಒಣಗಿದವರಿಗೆ ರೊಟ್ಟಿಯ ಚಿಕ್ಕ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಟ್ಟರೆ ಇಳಿಯುತ್ತದೆ, ತಲೆಯನ್ನು ಸ್ವಲ್ಪ ಎತ್ತಿ ಹಿಡಿದಿರಬೇಕು. ಮೂಗಿನ ಕೊಳವೆಯಲ್ಲಿ ಆಹಾರ ಹೋಗುವವರಿಗೆ ಬಾಯಿಗೆ ಏನೂ ಹಾಕಬೇಡಿ. ಪಶ್ಚಾತ್ತಾಪ, ವಿಶ್ವಾಸ, ಕೃತಜ್ಞತೆ ಇದ್ದು ರೋಗದಿಂದ ಬಾಯಲ್ಲಿ ತೆಗೆದುಕೊಳ್ಳಲಾಗದವರೂ ಕ್ರಿಸ್ತನನ್ನು ಸ್ವೀಕರಿಸುತ್ತಾರೆಂದು 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೇ ಇದೆ. ಅದನ್ನು ರೋಗಿಯ ಕಿವಿಯ ಬಳಿ ಸ್ಪಷ್ಟವಾಗಿ ಹೇಳಿ.

ಅದೇ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಅತ್ತೆಯನ್ನು ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ಮಲಮೂತ್ರದ ಪಾತ್ರೆ ತೊಳೆದು, ನಾವು ಹೋದಾಗ ಕಾಫಿ ತಂದಿಟ್ಟು ಅಡುಗೆಮನೆಗೆ ಹಿಂತಿರುಗುವ ಸೊಸೆ. ಕಾಫಿ ಬೇಡವೆಂದು ಹೇಳಿ, ಅವರನ್ನೂ ಕೂರಿಸಿ ಹೆಸರು ಹೇಳಿ ಪ್ರಾರ್ಥಿಸಿ. ಬೀಳ್ಕೊಳ್ಳುವಾಗ 'ನೀವು ಹೇಗಿದ್ದೀರಿ ಅಕ್ಕಾ' ಎಂದು ಬಾಗಿಲ ಬಳಿ ಕೇಳಿ, ಉತ್ತರಕ್ಕೆ ಕಾಯಿರಿ. ಎಷ್ಟೋ ಸಲ ಆ ದಿನದ ನಿಜವಾದ ಭೇಟಿ ಅಲ್ಲೇ ಆಗುತ್ತದೆ. ಇನ್ನೂ ಒಳ್ಳೆಯದು ಬಿಡುವು ಕೊಡುವುದು: ತಿಂಗಳಿಗೆರಡು ಭಾನುವಾರ ತಂಡದ ಒಬ್ಬ ಹೆಣ್ಣುಮಗಳು ಎರಡು ಮೂರು ಗಂಟೆ ಅತ್ತೆಯ ಬಳಿ ಕೂತರೆ ಸೊಸೆ ಆರಾಧನೆಗೆ ಬರಬಹುದು. ಔಷಧಿಯ ಹೊತ್ತು, ನೀರು ಕುಡಿಸುವ ರೀತಿ, ತುರ್ತಿಗೆ ಯಾರಿಗೆ ಫೋನ್ ಎಂಬುದನ್ನು ಅವರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮೊದಲ ಸಲ ಅವರು ಮನೆಯಲ್ಲಿರುವಾಗಲೇ ಹೋಗಿ ಕಲಿತುಕೊಳ್ಳಿ. ಇಲ್ಲದಿದ್ದರೆ ದೇವಾಲಯದಲ್ಲಿ ಕೂತರೂ ಅವರ ಜೀವ ಮನೆಯಲ್ಲೇ ಇರುತ್ತದೆ.

ರೋಗಿ ತೀರಿಕೊಂಡರೆ, ಸಮಾಧಿ ಮುಗಿದ ಕೂಡಲೇ ಆ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ನೆಂಟರು ಊರಿಗೆ ಮರಳಿದ ಮೇಲೆ ಒಂದು ಭೇಟಿ, 3 ತಿಂಗಳಿಗೆ ಒಂದು, ಅವರಿಲ್ಲದ ಮೊದಲ ಕ್ರಿಸ್‌ಮಸ್‌ಗೆ ಒಂದು. ಈ ತಾರೀಕುಗಳನ್ನು ಅದೇ ವಾರ ನೋಟ್‌ಬುಕ್ಕಿನಲ್ಲಿ ಬರೆದುಬಿಡಿ, ಆಮೇಲೆ ಎಂದರೆ ಮರೆತುಹೋಗುತ್ತದೆ.